ಖಾಲಿ ಬಿಟ್ಟ ಎರಡನೇ ಸ್ಥಾನ

ಯೌವನಸ್ಥರ ಕೂಟದ ಸಂದೇಶ
ವಾಕ್ಯಭಾಗ: ಮತ್ತಾಯ 23:29-31, ಗಲಾತ್ಯ 2:11-14

ಸತ್ಯವೇದ ತಂದಿದ್ದೀರಾ? ಮೊಬೈಲ್‌ನಲ್ಲಿ ಓದೋರು ಓದಿ, ಪರವಾಗಿಲ್ಲ, ಆದರೆ ನೋಟಿಫಿಕೇಶನ್ ಆಫ್ ಮಾಡಿಬಿಡಿ.

ಹೋದ ವಾರ ಕೂಟ ಮುಗಿದ ಮೇಲೆ ಒಬ್ಬ ತಮ್ಮ ನನ್ನನ್ನು ತಡೆದು ನಿಲ್ಲಿಸಿದ. ಮೊಬೈಲ್‌ನಲ್ಲಿ ಒಂದು ಹಳೇ ಮ್ಯಾಚ್ ತೋರಿಸಿದ. 2021ರ ಅಕ್ಟೋಬರ್ 24, ದುಬೈ, ಟಿ20 ವಿಶ್ವಕಪ್, ಭಾರತ-ಪಾಕಿಸ್ತಾನ. ಮೊದಲ ಬಾಲ್ ಬೀಳುವ ಮುಂಚೆ ನಮ್ಮ ಕೆ.ಎಲ್. ರಾಹುಲ್, ರೋಹಿತ್ ಶರ್ಮಾ ಪಿಚ್ ಹತ್ತಿರ ಒಂದು ಮೊಣಕಾಲೂರಿದರು. ಉಳಿದ ಆಟಗಾರರು ಗೆರೆಯ ಆಚೆ ಮೊಣಕಾಲೂರಿದರು. ಕಪ್ಪು ಜನರ ಮೇಲಾಗುವ ಅನ್ಯಾಯದ ವಿರುದ್ಧ ಅಂತ. ಪಾಕಿಸ್ತಾನದವರು ಎದೆಯ ಮೇಲೆ ಕೈ ಇಟ್ಟುಕೊಂಡು ನಿಂತರು. ಈ ತಮ್ಮನ ಪ್ರಶ್ನೆ ಏನಂದ್ರೆ, "ಪಾಸ್ಟರ್, ನಾವು ದೇವರಿಗೆ ಮಾತ್ರ ಮೊಣಕಾಲೂರಬೇಕಲ್ವಾ? ವಿಶ್ವಾಸಿ ಆಟಗಾರ ಒಬ್ಬ ಅಲ್ಲಿದ್ದಿದ್ದರೆ ಏನು ಮಾಡಬೇಕಿತ್ತು?"

ಒಳ್ಳೇ ಪ್ರಶ್ನೆ. ಚಿಕ್ಕ ಉತ್ತರ ಅವತ್ತೇ ಕೊಟ್ಟೆ. ಆರಾಧನೆಗೆ ಊರುವ ಮೊಣಕಾಲು ಬೇರೆ, ದುಃಖದವರ ಪಕ್ಕದಲ್ಲಿ ಊರುವ ಮೊಣಕಾಲು ಬೇರೆ. ಗಾಯ ಬಿದ್ದವನ ಪಕ್ಕ ಸಮಾರ್ಯದವನು ನಿಂತುಕೊಂಡೇ ಎಣ್ಣೆ ಹೊಯ್ದನಾ? ಬಗ್ಗಲೇಬೇಕಿತ್ತು. ಅದನ್ನು ಯಾರೂ ವಿಗ್ರಹಾರಾಧನೆ ಅನ್ನಲ್ಲ. ಆದರೆ ಮನೆಗೆ ಹೋದ ಮೇಲೆ ನನಗೆ ನಿದ್ದೆ ಬರಲಿಲ್ಲ. ಆ ಪ್ರಶ್ನೆಗಿಂತ ದೊಡ್ಡ ಪ್ರಶ್ನೆ ಒಂದು ನನ್ನ ಮುಂದೆ ಬಂದು ನಿಂತಿತ್ತು. ಅದನ್ನೇ ಇವತ್ತು ನಿಮ್ಮ ಮುಂದೆ ಇಡ್ತೀನಿ.

ಮತ್ತಾಯ 23ನೇ ಅಧ್ಯಾಯ, 29ರಿಂದ ಓದಿ. ಯೇಸು ಶಾಸ್ತ್ರಿಗಳಿಗೂ ಫರಿಸಾಯರಿಗೂ ಹೇಳುವ ಮಾತು. ನೀವು ಪ್ರವಾದಿಗಳಿಗೆ ಗೋರಿ ಕಟ್ಟುತ್ತೀರಿ, ನೀತಿವಂತರ ಸಮಾಧಿಗೆ ಅಲಂಕಾರ ಮಾಡುತ್ತೀರಿ, ನಮ್ಮ ಹಿರಿಯರ ಕಾಲದಲ್ಲಿ ನಾವಿದ್ದಿದ್ದರೆ ಅವರನ್ನು ಕೊಲ್ಲಲು ಕೈ ಸೇರಿಸುತ್ತಿರಲಿಲ್ಲ ಎನ್ನುತ್ತೀರಿ. ಆ ಮಾತಿನಿಂದಲೇ ನೀವು ಕೊಂದವರ ಮಕ್ಕಳೆಂದು ನಿಮ್ಮ ಮೇಲೆ ನೀವೇ ಸಾಕ್ಷಿ ಹೇಳಿಕೊಳ್ಳುತ್ತಿದ್ದೀರಿ. ಗಮನಿಸಿ, ಗೋರಿ ಕಟ್ಟಿದ್ದು ತಪ್ಪು ಅಂತ ಯೇಸು ಹೇಳಲಿಲ್ಲ. "ನಾವಿದ್ದಿದ್ದರೆ" ಅನ್ನೋ ಮಾತನ್ನು ಹಿಡಿದರು.

ಈಗ ನಿಮ್ಮನ್ನು ಮೆಕ್ಸಿಕೋ ನಗರಕ್ಕೆ ಕರಕೊಂಡು ಹೋಗ್ತೀನಿ. 1968ರ ಅಕ್ಟೋಬರ್ 16, ಒಲಿಂಪಿಕ್ಸ್, ಗಂಡಸರ 200 ಮೀಟರ್ ಓಟದ ಫೈನಲ್. ಅದೇ ವರ್ಷ ಏಪ್ರಿಲ್ 4ರಂದು ಪಾಸ್ಟರ್ ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಗುಂಡಿಟ್ಟು ಕೊಂದಿದ್ದರು. ಅಮೆರಿಕದ ಕಪ್ಪು ಆಟಗಾರರು ದೇಶಕ್ಕೆ ಪದಕ ತರಬೇಕು, ಆದರೆ ಊರಿಗೆ ವಾಪಸ್ ಹೋದರೆ ಬಾಡಿಗೆಗೆ ಮನೆ ಕೇಳಿದರೂ ಮುಖ ನೋಡಿ ಬಾಗಿಲು ಹಾಕುವವರು ಇದ್ದರು. ಇದನ್ನು ಪ್ರಶ್ನೆ ಮಾಡಲು ಹ್ಯಾರಿ ಎಡ್ವರ್ಡ್ಸ್ ಎಂಬ ಅಧ್ಯಾಪಕರು 1967ರಲ್ಲಿ 'ಒಲಿಂಪಿಕ್ ಪ್ರಾಜೆಕ್ಟ್ ಫಾರ್ ಹ್ಯೂಮನ್ ರೈಟ್ಸ್' ಎಂಬ ಚಳವಳಿ ಶುರು ಮಾಡಿದ್ದರು. ಅದಕ್ಕೆ ಒಂದು ದುಂಡನೆಯ ಬಿಳೀ ಬ್ಯಾಡ್ಜ್ ಇತ್ತು. ಆ ಬ್ಯಾಡ್ಜನ್ನು ನೆನಪಿಟ್ಟುಕೊಳ್ಳಿ.

ಓಟದಲ್ಲಿ ಟಾಮಿ ಸ್ಮಿತ್ ಮೊದಲು ಬಂದರು, 19.83 ಸೆಕೆಂಡ್, ವಿಶ್ವದಾಖಲೆ. ಹೊಲದಲ್ಲಿ ದುಡಿದ ಕುಟುಂಬ, ಹನ್ನೆರಡು ಮಕ್ಕಳಲ್ಲಿ ಏಳನೆಯವರು. ಎರಡನೇ ಸ್ಥಾನ ಜಾನ್ ಕಾರ್ಲೋಸ್‌ಗೆ ಅಂತ ಎಲ್ಲರೂ ಅಂದುಕೊಂಡಿದ್ದಾಗ, ಕೊನೇ ಕೆಲವು ಮೀಟರ್‌ನಲ್ಲಿ ಒಬ್ಬ ಬಿಳಿಯ ಓಟಗಾರ ಅವರನ್ನು ದಾಟಿಬಿಟ್ಟರು. 20.06 ಸೆಕೆಂಡ್. ಆಸ್ಟ್ರೇಲಿಯಾದ ಪೀಟರ್ ನಾರ್ಮನ್. ಕಾರ್ಲೋಸ್ ಮೂರನೆಯವರು.

ಪದಕಕ್ಕೆ ಕಾಯುವ ಕೋಣೆಯಲ್ಲಿ ಸ್ಮಿತ್, ಕಾರ್ಲೋಸ್ ಇಬ್ಬರೂ ತಾವು ಮಾಡಲಿರುವುದನ್ನು ನಾರ್ಮನ್‌ಗೆ ಹೇಳಿದರು. ನಿನಗೆ ಮಾನವ ಹಕ್ಕುಗಳಲ್ಲಿ ನಂಬಿಕೆ ಇದೆಯಾ ಅಂತ ಕೇಳಿದರು. ಇದೆ ಅಂದರು. ದೇವರಲ್ಲಿ ನಂಬಿಕೆ ಇದೆಯಾ? ಇದೆ, ಗಟ್ಟಿಯಾಗಿ ಇದೆ ಅಂದರು. ನಾರ್ಮನ್ ಸಾಲ್ವೇಶನ್ ಆರ್ಮಿ ಕುಟುಂಬದಲ್ಲಿ ಬೆಳೆದವರು. ನಾನೂ ನಿಮ್ಮ ಜೊತೆ ನಿಲ್ಲುತ್ತೇನೆ ಅಂದರು. ಅವರ ಕಣ್ಣಲ್ಲಿ ಭಯ ಕಾಣುತ್ತೇನೋ ಅಂತ ನೋಡಿದೆ, ಕಂಡಿದ್ದು ಪ್ರೀತಿ ಅಂತ ಕಾರ್ಲೋಸ್ ಆಮೇಲೆ ಎಷ್ಟೋ ಸಲ ಹೇಳಿದ್ದಾರೆ. ಯೋಹಾನನ ಮೊದಲ ಪತ್ರಿಕೆ 4:18 ಬಾಯಿಪಾಠ ಇದೆಯಲ್ಲ ನಿಮಗೆ? ಪೂರ್ಣ ಪ್ರೀತಿ ಇದ್ದ ಕಡೆ ಭಯಕ್ಕೆ ಏನಾಗುತ್ತೆ?

ಹೊರಗೆ ಹೋಗುವಾಗ ನಾರ್ಮನ್‌ಗೆ ಬ್ಯಾಡ್ಜ್ ಇರಲಿಲ್ಲ. ಅಮೆರಿಕದ ರೋಯಿಂಗ್ ತಂಡದ ಪಾಲ್ ಹಾಫ್‌ಮನ್, ಅವರೂ ಬಿಳಿಯರೇ, ತಮ್ಮದನ್ನು ಬಿಚ್ಚಿ ಕೊಟ್ಟರು. ಇನ್ನೊಂದು ವಿಷಯ. ಕಾರ್ಲೋಸ್ ತಮ್ಮ ಕಪ್ಪು ಗ್ಲೌಸ್ ಮರೆತು ಬಂದಿದ್ದರು. ಇರೋ ಒಂದು ಜೊತೆಯನ್ನೇ ಹಂಚಿಕೊಳ್ಳಿ ಅಂತ ಹೇಳಿದ್ದು ನಾರ್ಮನ್. ಅದಕ್ಕೇ ಫೋಟೋದಲ್ಲಿ ಸ್ಮಿತ್ ಅವರ ಬಲಗೈ, ಕಾರ್ಲೋಸ್ ಅವರ ಎಡಗೈ ಮೇಲಿರೋದು. ಶೂ ಬಿಚ್ಚಿ ಕಪ್ಪು ಸಾಕ್ಸ್‌ನಲ್ಲಿ ನಿಂತಿದ್ದರು, ಕಪ್ಪು ಜನರ ಬಡತನದ ಗುರುತಾಗಿ. ರಾಷ್ಟ್ರಗೀತೆ ಶುರುವಾಯಿತು. ತಲೆ ತಗ್ಗಿಸಿ, ಮುಷ್ಟಿ ಎತ್ತಿದರು. ಆ ಹೊತ್ತಿನಲ್ಲಿ ನಾನು ಪ್ರಾರ್ಥನೆ ಮಾಡುತ್ತಿದ್ದೆ ಅಂತ ಸ್ಮಿತ್ ಹೇಳಿದ್ದಾರೆ. ಕ್ರೀಡಾಂಗಣದಲ್ಲಿದ್ದ ಜನ ಕೂಗಾಡಿದರು. ಮುಂದೆ ನಿಂತಿದ್ದ ನಾರ್ಮನ್ ಕೈ ಎತ್ತಲಿಲ್ಲ, ಹಿಂದೆ ತಿರುಗಿಯೂ ನೋಡಲಿಲ್ಲ. ನೇರವಾಗಿ ನಿಂತಿದ್ದರು. ಎದೆಯ ಮೇಲೆ ಆ ಬ್ಯಾಡ್ಜ್.

ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷ ಏವರಿ ಬ್ರಂಡೇಜ್ ಸಿಟ್ಟಾದರು. 1936ರಲ್ಲಿ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ನಾಜಿ ಸೆಲ್ಯೂಟ್ ಹೊಡೆದಾಗ ಇದೇ ಬ್ರಂಡೇಜ್‌ಗೆ ಏನೂ ತೊಂದರೆ ಆಗಿರಲಿಲ್ಲ. ಇವರಿಬ್ಬರನ್ನು ಕಳಿಸದಿದ್ದರೆ ಅಮೆರಿಕದ ಓಟಗಾರರ ಇಡೀ ತಂಡವನ್ನೇ ಹೊರಗೆ ಹಾಕುತ್ತೇನೆ ಎಂದರು. ಎರಡು ದಿನದೊಳಗೆ ಸ್ಮಿತ್, ಕಾರ್ಲೋಸ್ ಮನೆಗೆ. ಇಲ್ಲೊಂದು ಮಾತು, ಅವರ ಪದಕಗಳನ್ನು ಕಿತ್ತುಕೊಂಡರು ಅಂತ ವಾಟ್ಸಾಪ್‌ನಲ್ಲಿ ಬರುತ್ತಿರುತ್ತೆ, ಅದು ಸುಳ್ಳು. ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಸತ್ಯದ ಪರವಾಗಿ ಸುಳ್ಳು ಹೇಳೋ ಅವಶ್ಯಕತೆ ನಮಗಿಲ್ಲ. ಆದದ್ದೇ ಬೇಕಾದಷ್ಟಿದೆ. ಕೊಲೆ ಬೆದರಿಕೆಗಳು ಬಂದವು, ಕೆಲಸ ಸಿಗಲಿಲ್ಲ, ಸಂಸಾರಗಳು ನಲುಗಿದವು. ವರ್ಷಗಳ ಮೇಲೆ ವರ್ಷ.

ನಾರ್ಮನ್ ಕಥೆ ಇನ್ನೊಂದು ರೀತಿ. 1972ರ ಮ್ಯೂನಿಕ್ ಒಲಿಂಪಿಕ್ಸ್‌ಗೆ ಅವರನ್ನು ಕಳಿಸಲಿಲ್ಲ. ಆಯ್ಕೆ ಓಟದಲ್ಲಿ ಮೂರನೆಯವರಾದರು, ಅಷ್ಟೇ ಕಾರಣ ಅಂತ ಆಸ್ಟ್ರೇಲಿಯಾದ ಒಲಿಂಪಿಕ್ ಸಮಿತಿ ಇವತ್ತಿಗೂ ಹೇಳುತ್ತೆ. ಅರ್ಹತೆಯ ಸಮಯದೊಳಗೆ ಅವರು ಎಷ್ಟೋ ಸಲ ಓಡಿದ್ದರು, ಆ ಬ್ಯಾಡ್ಜೇ ಕಾರಣ ಅಂತ ಅವರ ಕಡೆಯವರು ಹೇಳ್ತಾರೆ. ಒಂದಂತೂ ನಿಜ, ಆಸ್ಟ್ರೇಲಿಯಾದ ಅತಿ ವೇಗದ 200 ಮೀಟರ್ ಓಟಗಾರ ಮತ್ತೆ ಒಲಿಂಪಿಕ್ಸ್‌ನಲ್ಲಿ ಓಡಲಿಲ್ಲ. ಮೇಷ್ಟ್ರಾಗಿ ಕೆಲಸ ಮಾಡಿದರು. 1985ರಲ್ಲಿ ಕಾಲಿಗೆ ಪೆಟ್ಟಾಗಿ, ಕೊಳೆತು, ಕಾಲೇ ಕತ್ತರಿಸುವ ಹಂತಕ್ಕೆ ಹೋಯಿತು. ಖಿನ್ನತೆ, ಕುಡಿತ ಎರಡೂ ಬಂದವು. ಅವರು ಸಂತ ಅಂತ ನಾನು ಹೇಳ್ತಾ ಇಲ್ಲ. ಎಲೀಯನೂ ಜಾಲಿಗಿಡದ ಕೆಳಗೆ ಸಾವು ಕೇಳಿದವನೇ.

ಈಗ ಗೋರಿ ಕಟ್ಟುವ ಭಾಗಕ್ಕೆ ಬರೋಣ. 2005ರಲ್ಲಿ ಸ್ಮಿತ್, ಕಾರ್ಲೋಸ್ ಓದಿದ ಸ್ಯಾನ್ ಹೋಸೆ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಅವರ ದೊಡ್ಡ ಪ್ರತಿಮೆ ನಿಂತಿತು. 2008ರಲ್ಲಿ ಧೈರ್ಯಕ್ಕಾಗಿ ಕೊಡುವ ಆರ್ಥರ್ ಆಶ್ ಪ್ರಶಸ್ತಿ ಬಂತು. ಅಮೆರಿಕದ ಒಲಿಂಪಿಕ್ ಹಾಲ್ ಆಫ್ ಫೇಮ್‌ಗೆ ಸೇರಿಸಿದ್ದು 2019ರಲ್ಲಿ. ಲೆಕ್ಕ ಹಾಕಿ, 51 ವರ್ಷ! ನಾರ್ಮನ್ 2006ರ ಅಕ್ಟೋಬರ್ 3ರಂದು ತೀರಿಕೊಂಡರು. ಶವಪೆಟ್ಟಿಗೆಗೆ ಹೆಗಲು ಕೊಡಲು ಸ್ಮಿತ್, ಕಾರ್ಲೋಸ್ ಇಬ್ಬರೂ ಅಮೆರಿಕದಿಂದ ಮೆಲ್ಬರ್ನ್‌ಗೆ ಬಂದರು. ಆಸ್ಟ್ರೇಲಿಯಾದ ಪಾರ್ಲಿಮೆಂಟ್ ಕ್ಷಮೆ ಕೇಳಿದ್ದು 2012ರಲ್ಲಿ, ಅವರು ಸತ್ತು ಆರು ವರ್ಷ ಆದ ಮೇಲೆ. ಮೆಲ್ಬರ್ನ್‌ನಲ್ಲಿ ಪ್ರತಿಮೆ 2019ರಲ್ಲಿ.

ಇದೆಲ್ಲ ಬೇಡ ಅಂತಲ್ಲ. ಸನ್ಮಾನ ಸಲ್ಲಬೇಕಾದವರಿಗೆ ಸನ್ಮಾನ ಸಲ್ಲಿಸಿ ಅಂತ ರೋಮಾಪುರದವರಿಗೆ ಬರೆದ ಪತ್ರಿಕೆಯಲ್ಲೇ ಇದೆ, 13:7. ಅಂದಹಾಗೆ ಅಧಿಕಾರಿಗಳಿಗೆ ಅಧೀನರಾಗಿರಿ ಅಂತ ಹೇಳಿ ಇಂಥ ವಿಷಯಗಳನ್ನು ಮುಚ್ಚೋಕೆ ನಾವು ತೆಗೆಯೋದು ಅದೇ ಅಧ್ಯಾಯ. ಏಳನೇ ವಚನದ ತನಕ ಓದೋದಿಲ್ಲ. ಇರಲಿ. ನನಗೆ ಕಾಡೋದು ಬೇರೆ. ಸನ್ಮಾನ ಮಾಡುವ ದಿನ ಅದಕ್ಕೆ ಏನೂ ಬೆಲೆ ಕೊಡಬೇಕಾಗಿರಲ್ಲ. 1968ರಲ್ಲಿ ಆ ಬ್ಯಾಡ್ಜ್ ಹಾಕಿಕೊಳ್ಳೋಕೆ ಬೆಲೆ ಇತ್ತು. 2019ರಲ್ಲಿ ಚಪ್ಪಾಳೆ ಹೊಡೆಯೋಕೆ ಇರಲಿಲ್ಲ. ಚಪ್ಪಾಳೆ ಹೊಡೆಯುವಾಗ ಪ್ರತಿಯೊಬ್ಬನ ಮನಸ್ಸಿನಲ್ಲೂ ಒಂದೇ ಮಾತು, ನಾನಿದ್ದಿದ್ದರೆ ನಾನೂ ನಿಲ್ಲುತ್ತಿದ್ದೆ.

ನಿಲ್ಲುತ್ತಿದ್ದೆವಾ?

ಈಗ ಗಲಾತ್ಯ 2:11. ಇಲ್ಲಿ ಇನ್ನೊಬ್ಬ ಪೀಟರ್ ಇದ್ದಾನೆ, ನಮ್ಮ ಪೇತ್ರ. ಪಂಚಾಶತ್ತಮ ದಿನದಲ್ಲಿ ಎದ್ದು ನಿಂತು ಸಾರಿದವನು. ಅಪೊಸ್ತಲರ ಕೃತ್ಯಗಳು 10ರಲ್ಲಿ ಕೊರ್ನೇಲ್ಯನ ಮನೆಗೆ ಹೋಗಿ, ದೇವರು ಪಕ್ಷಪಾತಿಯಲ್ಲ ಎಂದು ತನ್ನ ಬಾಯಿಂದಲೇ ಹೇಳಿದವನು. ಅನ್ಯಜನರ ಮೇಲೆ ಪರಿಶುದ್ಧಾತ್ಮನು ಇಳಿದದ್ದನ್ನು ಕಣ್ಣಾರೆ ಕಂಡವನು. ಅಂಥವನು ಅಂತಿಯೋಕ್ಯದಲ್ಲಿ ಏನು ಮಾಡಿದ? ಅನ್ಯಜನರ ಜೊತೆ ಕೂತು ಊಟ ಮಾಡುತ್ತಿದ್ದ. ಯೆರೂಸಲೇಮಿನಿಂದ ಕೆಲವರು ಬಂದರು. ಮೆಲ್ಲಗೆ ಎದ್ದ, ಬೇರೆ ಕಡೆ ಹೋಗಿ ಕೂತ. ಬಾಯಿ ಬಿಟ್ಟು ಒಂದು ಕೆಟ್ಟ ಮಾತೂ ಆಡಲಿಲ್ಲ. ತಟ್ಟೆ ಎತ್ತಿಕೊಂಡ, ಅಷ್ಟೇ. ಅವನನ್ನು ನೋಡಿ ಬಾರ್ನಬನೂ ಎದ್ದ. ಪೌಲ ಎಲ್ಲರ ಮುಂದೆ ಎದುರಿಗೆ ನಿಂತು ಖಂಡಿಸಿದ. ಇದು ಮ್ಯಾನರ್ಸ್ ವಿಷಯ ಅಂತ ಪೌಲ ಹೇಳಲಿಲ್ಲ, ಸುವಾರ್ತೆಯ ಸತ್ಯಕ್ಕೆ ತಕ್ಕಂತೆ ನಡೆಯುತ್ತಿಲ್ಲ ಅಂದ. ಅಭಿಷೇಕ ಇದ್ದವನೇ, ಅನ್ಯಭಾಷೆ ಮಾತಾಡಿದವನೇ. ಆದರೂ ಜನರಿಗೆ ಹೆದರಿದ.

ಇದು ನಮ್ಮ ಪೆಂಟೆಕೋಸ್ಟಲ್ ಮನೆತನದ ಕಥೆ ಕೂಡ. 1905ರ ಸುಮಾರಿಗೆ ಹ್ಯೂಸ್ಟನ್‌ನಲ್ಲಿ ಚಾರ್ಲ್ಸ್ ಪರ್ಹಮ್ ಅವರ ಬೈಬಲ್ ಶಾಲೆ. ಗುಲಾಮರಾಗಿದ್ದ ತಂದೆತಾಯಿಯ ಮಗ ವಿಲಿಯಂ ಸೀಮೋರ್ ಅಲ್ಲಿಗೆ ಕಲಿಯಲು ಹೋದರು. ಬಿಳಿಯರ ಜೊತೆ ತರಗತಿಯೊಳಗೆ ಕೂರುವ ಹಾಗಿರಲಿಲ್ಲ. ಬಾಗಿಲಾಚೆ ಕೂತು ಪಾಠ ಕೇಳಿದರು. ಬಾಗಿಲಾಚೆ ಕೂತ ಆ ಮನುಷ್ಯನನ್ನೇ ದೇವರು 1906ರಲ್ಲಿ ಲಾಸ್ ಏಂಜಲೀಸ್‌ನ ಅಜೂಸಾ ಸ್ಟ್ರೀಟ್‌ನಲ್ಲಿ ಉಪಯೋಗಿಸಿದರು. ಹಲ್ಲೆಲೂಯ! ಅಲ್ಲಿ ಕಪ್ಪು ಜನ, ಬಿಳಿ ಜನ, ಮೆಕ್ಸಿಕೋದವರು ಒಂದೇ ನೆಲದ ಮೇಲೆ ಮೊಣಕಾಲೂರಿದರು. ಆದರೆ ಕೆಲವೇ ವರ್ಷಗಳಲ್ಲಿ ಬಿಳಿಯರ ಸಭೆಗಳು ಬೇರೆ, ಕಪ್ಪು ಜನರ ಸಭೆಗಳು ಬೇರೆ ಆದವು. ತಟ್ಟೆ ಎತ್ತಿಕೊಂಡು ಎದ್ದರು. ಮತ್ತೆ ಒಂದಾಗಲು 1994ರ ತನಕ ಕಾಯಬೇಕಾಯಿತು. ಆ ವರ್ಷ ಮೆಂಫಿಸ್‌ನಲ್ಲಿ ಬಿಳಿಯ ಪಾಸ್ಟರ್ ಒಬ್ಬರು ಕಪ್ಪು ಬಿಷಪ್ ಒಬ್ಬರ ಕಾಲು ತೊಳೆದು ಅತ್ತರು. 88 ವರ್ಷ. ಅನ್ಯಭಾಷೆಯ ವರ ಬಂದ ಮಾತ್ರಕ್ಕೆ ಪಕ್ಕದ ಕುರ್ಚಿಯ ವಿಷಯ ತಾನಾಗಿ ಸರಿಹೋಗಲ್ಲ ಪ್ರಿಯರೇ.

ಕುರ್ಚಿ ಅಂದೆ. ಈಗ ನನ್ನ ವಿಷಯ ಹೇಳಲೇಬೇಕು.

2019ರಲ್ಲಿ ಆಫ್ರಿಕಾದಿಂದ ಓದೋಕೆ ಬಂದಿದ್ದ ಒಬ್ಬ ಹುಡುಗ ನಾನು ಆಗ ಸೇವೆ ಮಾಡುತ್ತಿದ್ದ ಸಭೆಗೆ ಬರುತ್ತಿದ್ದ. ಕನ್ನಡ ಬರದಿದ್ದರೂ ಎರಡೂವರೆ ಗಂಟೆ ಕೂತಿರುತ್ತಿದ್ದ. ಆರಾಧನೆಯಲ್ಲಿ ನಮಗಿಂತ ಜೋರಾಗಿ ಚಪ್ಪಾಳೆ ಹೊಡೆಯುತ್ತಿದ್ದ. ಅವನ ಎಡಕ್ಕೊಂದು, ಬಲಕ್ಕೊಂದು ಪ್ಲಾಸ್ಟಿಕ್ ಕುರ್ಚಿ ಯಾವಾಗಲೂ ಖಾಲಿ. ಹಿಂದೆ ನಿಂತಿರುವವರು ಇದ್ದರೂ ಖಾಲಿ. ವೇದಿಕೆಯಿಂದ ನನಗೆ ಚೆನ್ನಾಗಿ ಕಾಣುತ್ತಿತ್ತು. ಒಂದು ದಿನ ಬಂದು, ಪಾಸ್ಟರ್, ರೂಮ್ ಖಾಲಿ ಮಾಡಿಸ್ತಾ ಇದ್ದಾರೆ, ಎಲ್ಲಾದರೂ ಸಿಗುತ್ತಾ ಅಂತ ಕೇಳಿದ. ಸಭೆಯ ಒಬ್ಬ ಅಂಕಲ್ ಮನೆಯ ಮುಂದೆ 'ಟು ಲೆಟ್' ಬೋರ್ಡ್ ಇತ್ತು. ಹೋಗಿ ಕೇಳಿದೆ. "ಪಾಸ್ಟರ್, ನಂಗೇನಿಲ್ಲ. ಅಕ್ಕಪಕ್ಕದೋರು ಏನಂತಾರೋ ಅಂತ..." ಅಂದರು.

ನಾನು ಏನಂದೆ ಗೊತ್ತಾ? "ಪ್ರಾರ್ಥನೆ ಮಾಡೋಣ ಅಂಕಲ್" ಅಂದೆ. ಟೀ ಕುಡಿದೆ, ಅವರ ಮನೆಯ ಮೇಲೆ ಕೈ ಚಾಚಿ ಆಶೀರ್ವಾದದ ಪ್ರಾರ್ಥನೆ ಮಾಡಿದೆ, ಬೈಕ್ ಹತ್ತಿ ಬಂದೆ. ಅವರು ಸಭೆಗೆ ಬಹಳ ಸಹಾಯ ಮಾಡುವವರು. ತಟ್ಟೆ ಎತ್ತಿಕೊಂಡೆ. ಆ ಹುಡುಗನಿಗೆ, ಸಿಗಲಿಲ್ಲ ಬ್ರದರ್, ದೇವರು ಒದಗಿಸ್ತಾರೆ ಅಂತ ಮೆಸೇಜ್ ಹಾಕಿದೆ. ಗಾಡ್ ಬ್ಲೆಸ್ ಯು ಪಾಸ್ಟರ್ ಅಂತ ಉತ್ತರ ಬಂತು. ಎರಡು ವಾರ ಬಂದ. ಆಮೇಲೆ ಬರಲಿಲ್ಲ.

ಮರುವರ್ಷ, 2020ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಜಾರ್ಜ್ ಫ್ಲಾಯ್ಡ್ ಅವರನ್ನು ಒಬ್ಬ ಪೊಲೀಸ್ ಕುತ್ತಿಗೆಯ ಮೇಲೆ ಮೊಣಕಾಲಿಟ್ಟು ಕೊಂದ. ಲೋಕವೆಲ್ಲ ಕಪ್ಪು ಚೌಕ ಹಾಕಿತು. ನಾನೂ ಸ್ಟೇಟಸ್‌ಗೆ ಕಪ್ಪು ಚೌಕ ಹಾಕಿದೆ, ಒಂದು ವಾಕ್ಯದ ಜೊತೆ. ಮನಸ್ಸಿಗೆ ಹಿತವಾಗಿತ್ತು. ರಾತ್ರಿ ಯಾರ್ಯಾರು ನೋಡಿದ್ದಾರೆ ಅಂತ ಪಟ್ಟಿ ತೆಗೆದೆ. ಅದರಲ್ಲಿ ಅವನ ಹೆಸರಿತ್ತು. ನೋಡಿದ್ದ. ಏನೂ ಬರೆದಿರಲಿಲ್ಲ.

ಅವತ್ತು ಮತ್ತಾಯ 23:29 ನನಗೆ ಅರ್ಥ ಆಯಿತು.

ಬೇರೆ ದೇಶದ ಬಣ್ಣದ ವಿಷಯ ನಮಗೆ ಸುಲಭ. ದುಬೈನಲ್ಲಿ ನಮ್ಮ ತಂಡ ಮೊಣಕಾಲೂರಿದಾಗಲೂ ಕೆಲವರು ಇದನ್ನೇ ಕೇಳಿದರು, ಮನೆಯೊಳಗಿನ ಜಾತಿಗೆ ಯಾವಾಗ ಅಂತ. ಆಟಗಾರರನ್ನು ಕೇಳೋದು ಬಿಡಿ, ನಮ್ಮನ್ನು ಕೇಳೋಣ. ದೀಕ್ಷಾಸ್ನಾನದಲ್ಲಿ ಒಂದೇ ತೊಟ್ಟಿ, ಕರ್ತನ ಮೇಜಿನಲ್ಲಿ ಒಂದೇ ರೊಟ್ಟಿ. ಸಂಬಂಧ ನೋಡುವಾಗ ಮಾತ್ರ, "ಹುಡುಗಿ ಒಳ್ಳೇ ವಿಶ್ವಾಸಿ, ಆದ್ರೆ ಮೂಲ ಯಾವ ಜನ?" ಎಷ್ಟು ಮೆಲ್ಲಗೆ ಕೇಳ್ತೀವಿ! ನಿಮ್ಮ ಅಪ್ಪ-ಅಮ್ಮ ಕೇಳಿದಾಗ ನೀವು ಪಕ್ಕದಲ್ಲೇ ಇರ್ತೀರಿ, ಮೊಬೈಲ್ ನೋಡ್ತಾ. ಆಫೀಸಿನಲ್ಲಿ ಈಶಾನ್ಯದ ಸಿಸ್ಟರ್ ಒಬ್ಬಳನ್ನು ಅವಳ ಮುಖಕ್ಕೆ ಹೆಸರಿಟ್ಟು ಕರೆದು ನಗ್ತಾರೆ. ನಾವು ನಗಲ್ಲ, ನಿಜ. ಎದ್ದು ಕಾಫಿ ತರೋಕೆ ಹೋಗ್ತೀವಿ.

ಎಲ್ಲರೂ ಮುಷ್ಟಿ ಎತ್ತಬೇಕು ಅಂತ ನಾನು ಹೇಳ್ತಿಲ್ಲ. ನಾರ್ಮನ್ ಎತ್ತಲಿಲ್ಲ. ಅದು ಸ್ಮಿತ್, ಕಾರ್ಲೋಸ್ ಅವರ ನೋವು, ಅವರ ಮಾತು. ಅದನ್ನು ಅವರು ಕಿತ್ತುಕೊಳ್ಳಲಿಲ್ಲ, ಭಾಷಣ ಮಾಡಲಿಲ್ಲ. ಪಕ್ಕದಿಂದ ಸರಿಯಲಿಲ್ಲ, ಅಷ್ಟೇ. ಆಂತ್ಯೋಕ್ಯದ ಊಟದಲ್ಲಿ ಪೇತ್ರನ ಕೈಲಿ ಆಗದೇ ಹೋದದ್ದು ಅದೊಂದೇ.

ಸ್ಯಾನ್ ಹೋಸೆಯ ಆ ಪ್ರತಿಮೆಯ ಫೋಟೋ ಹುಡುಕಿ ನೋಡಿ. ಮೊದಲ ಸ್ಥಾನದಲ್ಲಿ ಸ್ಮಿತ್, ಮೂರನೆಯದರಲ್ಲಿ ಕಾರ್ಲೋಸ್. ಎರಡನೇ ಸ್ಥಾನ ಖಾಲಿ. ನಾರ್ಮನ್‌ರನ್ನು ಮರೆತು ಹಾಗೆ ಮಾಡಿದ್ದಲ್ಲ, ಅವರೇ ಹಾಗೆ ಬಿಡಿ ಅಂದರು. ನೋಡಲು ಬಂದವರು ಹತ್ತಿ ಅಲ್ಲಿ ನಿಲ್ಲಲಿ ಅಂತ. ಜನ ನಿಲ್ತಾರೆ, ಸೆಲ್ಫಿ ತಗೋತಾರೆ, ಇಳಿದು ಹೋಗ್ತಾರೆ. ನಾನೂ ಹೋದರೆ ಅದನ್ನೇ ಮಾಡ್ತೀನೇನೋ. ಇನ್ನೊಂದು ಖುಷಿಯ ವಿಷಯ ಹೇಳ್ತೀನಿ. ನಾರ್ಮನ್ ಅವರ 20.06 ಸೆಕೆಂಡಿನ ದಾಖಲೆ ಆಸ್ಟ್ರೇಲಿಯಾದಲ್ಲಿ 56 ವರ್ಷ ಹಾಗೇ ಇತ್ತು. 2024ರ ಡಿಸೆಂಬರ್‌ನಲ್ಲಿ ಅದನ್ನು ಮುರಿದದ್ದು ಗೌಟ್ ಗೌಟ್ ಎಂಬ 16 ವರ್ಷದ ಹುಡುಗ. 20.04 ಸೆಕೆಂಡ್. ದಕ್ಷಿಣ ಸುಡಾನ್‌ನಿಂದ ಬಂದ ತಂದೆತಾಯಿಯ ಮಗ, ಕಪ್ಪು ಹುಡುಗ, ಆಸ್ಟ್ರೇಲಿಯಾದ ಬಟ್ಟೆಯಲ್ಲಿ ಓಡೋನು. ಇದನ್ನು ಓದಿದ ದಿನ ನಾನು ಬೈಕ್ ಪಕ್ಕಕ್ಕೆ ನಿಲ್ಲಿಸಿ ಸ್ತೋತ್ರ ಹೇಳಿದೆ.

ಆ ವಿದ್ಯಾರ್ಥಿಗೆ ನಾನು ಫೋನ್ ಮಾಡಿದೆ. ಕಪ್ಪು ಚೌಕ ಹಾಕಿ ನಾಲ್ಕು ದಿನ ಆಗಿತ್ತು, ನಾಲ್ಕು ದಿನ ಧೈರ್ಯ ಬರಲಿಲ್ಲ. ಅವನು ಬೇರೆ ಊರಿಗೆ ಹೋಗಿದ್ದ. ನಡೆದದ್ದನ್ನು ನಡೆದ ಹಾಗೆ ಹೇಳಿದೆ. ರೂಮ್ ಇತ್ತು, ನಾನು ಬಾಯಿ ಬಿಡಲಿಲ್ಲ, ಕ್ಷಮಿಸು ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ನನಗೆ ಗೊತ್ತಿತ್ತು ಪಾಸ್ಟರ್, ಅಂದ. ಗೊತ್ತಿದ್ದೂ ಎರಡು ವಾರ ಬಂದು ಆ ಖಾಲಿ ಕುರ್ಚಿಗಳ ನಡುವೆ ಕೂತಿದ್ದ. ಕ್ಷಮಿಸಿದ್ದೇನೆ ಅಂದ. ಡ್ರಮ್ಸ್ ಬಾರಿಸುತ್ತಿದ್ದ ಹುಡುಗ ಇನ್ನೂ ಅಷ್ಟೇ ಜೋರಾಗಿ ಬಾರಿಸ್ತಾನಾ ಅಂತ ಕೇಳಿದ. ಅಂಕಲ್ ಮನೆಗೂ ಹೋದೆ. ಅಲ್ಲಿ ಇಷ್ಟು ಸುಲಭ ಆಗಲಿಲ್ಲ. ಅವರು ಬೇಜಾರು ಮಾಡಿಕೊಂಡರು. ಇವತ್ತಿಗೂ ಅವರ ಜೊತೆ ಮಾತು ಮೊದಲಿನ ಹಾಗಿಲ್ಲ.

ಈಗ ಎಲ್ಲರೂ ಎದ್ದು ನಿಲ್ಲೋಣ. ಕೀಬೋರ್ಡ್ ಬ್ರದರ್, ಸ್ವಲ್ಪ ನಿಲ್ಲಿಸಿ. ಮತ್ತಾಯ 5:23-24 ನಿಮಗೆ ಗೊತ್ತು. ಯಜ್ಞವೇದಿಯ ಹತ್ತಿರ ಕಾಣಿಕೆ ತಂದವನಿಗೆ ತನ್ನ ಸಹೋದರನ ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಅವನ ಜೊತೆ ಸಮಾಧಾನ ಆಗಬೇಕು. ಇಷ್ಟು ಹೊತ್ತಿನಲ್ಲಿ ಯಾರದಾದರೂ ಹೆಸರು ನಿಮ್ಮ ಮನಸ್ಸಿಗೆ ಬಂದಿದ್ದರೆ, ಫೋನ್ ತಗೊಂಡು ಹೊರಗೆ ಹೋಗಿ ಮಾತಾಡಿ ಬನ್ನಿ. ಮೆಟ್ಟಿಲ ಹತ್ತಿರ ನೆಟ್‌ವರ್ಕ್ ಸಿಗುತ್ತೆ. ಪ್ರಾರ್ಥನೆ ಆಮೇಲೆ ಶುರು ಮಾಡೋಣ, ನಾವು ಕಾಯ್ತೀವಿ.